ಹಬೆಯಣ್ಣನ ಪರೀಕ್ಷೆ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಅವನನ್ನು ಅವನ ಊರ ಕಡೆಯವರು ಹಬೆಯಣ್ಣ ಅಂತಲೇ ಕರೆಯುತ್ತಿದ್ದರು. ಹೆಂಡತಿ, ಮಗಳನ್ನು ಬಿಟ್ಟು ಈ ಪರದೇಶಕ್ಕೆ ಬಂದ ಏಳು ವರ್ಷವೂ ಅವನು ನಿಂತದ್ದು ಹಬೆ ಉಗುಳುವ ಇಸ್ತ್ರಿ ಯಂತ್ರದ ಎದುರಿಗೇ. ಒದ್ದೆ ಹೊದಿಕೆಗಳನ್ನು ಒಳಗೆ ಕೊಡುವವನು ಇವನು, ಆಚೆ ಕಡೆ ಹಿಡಿದು ಮಡಿಸುವವಳು ಆ ದೇಶದವಳೇ ಆದ ಒಬ್ಬ ಅಜ್ಜಿ. ಗದ್ದಲ ತಡೆಯಲಾರದೆ ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಿದ್ದರು. ಮಾತೆಲ್ಲ ಕೈಯಲ್ಲೇ. ಬೆರಳು ತಿರುಗಿಸಿದರೆ ಬಟ್ಟೆ ಸೊಟ್ಟ ಬರುತ್ತಿದೆ ಅಂತ, ಅಂಗೈಗೆ ಉಫ್ ಅಂತ ಊದಿಕೊಂಡರೆ ಬಿಸಿ ಹೆಚ್ಚಾಯಿತು ಅಂತ, ಹೊಟ್ಟೆ ಸವರಿಕೊಂಡರೆ ಮೇಸ್ತ್ರಿ ಬರುತ್ತಿದ್ದಾನೆ ಅಂತ. ಗಂಡ ತೀರಿಕೊಂಡದ್ದನ್ನು ಅಜ್ಜಿ ಅವನಿಗೆ ಹೇಳಿದ್ದೂ ಕೈಯಲ್ಲೇ. ಅವಳ ಮನೆಗೆ ಹೋಗಿ ಹೆಗಲು ಕೊಟ್ಟವರಲ್ಲಿ ಹಬೆಯಣ್ಣನೂ ಒಬ್ಬ.

ಇಷ್ಟು ಬೆರೆತವನಿಗೆ ಸರ್ಕಾರ ಹೇಳಿದ್ದು, ಬೆರೆತಿದ್ದೀಯ ಅಂತ ಪರೀಕ್ಷೆ ಬರೆದು ತೋರಿಸು ಅಂತ. ಇಲ್ಲಿನ ಭಾಷೆಯಲ್ಲಿ ಪಾಸಾದರೆ ಮಾತ್ರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು, ಮಕ್ಕಳಿಗೆ ಹದಿನೆಂಟು ತುಂಬಿರಬಾರದು. ಕಾನೂನು ಮಾಡಿದವರು ಕೆಟ್ಟವರೇನಲ್ಲ. ಆದರೆ ಕಿವಿಗೆ ಹತ್ತಿ ತುರುಕಿಕೊಂಡು ದುಡಿಯುವವನು ಭಾಷೆಯನ್ನು ಯಾವ ಕಿವಿಯಿಂದ ಕಲಿಯಬೇಕು ಅಂತ ಆ ಪುಣ್ಯಾತ್ಮರಿಗೆ ಹೊಳೆಯಲಿಲ್ಲ.

ಮಗಳಿಗೆ ಹದಿನೆಂಟು ತುಂಬಲು ನಾಲ್ಕು ತಿಂಗಳಿತ್ತು. ಅವಳೋ, ಊರಲ್ಲೇ ಕೂತು ಆ ಭಾಷೆಯನ್ನು ಅರೆದು ಕುಡಿದಿದ್ದಳು. ಅಪ್ಪನಿಗೆ ಬರುವ ಸರ್ಕಾರಿ ಕಾಗದಗಳನ್ನು ಫೋನಿನಲ್ಲಿ ಫೋಟೋ ತರಿಸಿಕೊಂಡು ಓದಿ ಹೇಳುತ್ತಿದ್ದವಳೂ ಅವಳೇ. ಹಬೆಯಣ್ಣ ಬಸ್ಸಿನಲ್ಲಿ ನಿಂತುಕೊಂಡೇ ಪುಸ್ತಕ ತಿರುವಿ ತಿರುವಿ, ಓದುವ ಮತ್ತು ಬರೆಯುವ ಪರೀಕ್ಷೆಗಳನ್ನು ಹೇಗೋ ದಡ ಮುಟ್ಟಿಸಿದ. ಉಳಿದದ್ದು ಮಾತಾಡುವ ಪರೀಕ್ಷೆ.

ಪರೀಕ್ಷೆ ಮಾಡುವ ಹೆಂಗಸು, ನಿಮ್ಮ ಕೆಲಸದ ಬಗ್ಗೆ ಹೇಳಿ ಅಂದಳು. ಅವನಿಗೆ ಖುಷಿಯೋ ಖುಷಿ. ಮೊದಲ ವಾಕ್ಯ ಸಲೀಸಾಗಿ ಬಂತು, ಎರಡನೆಯದು ಗಂಟಲಲ್ಲೇ ಉಳಿಯಿತು. ಅಷ್ಟರಲ್ಲಿ ಅವನ ಕೈಗಳು ತಾವಾಗಿಯೇ ಎದ್ದವು. ಕುರ್ಚಿ ಬಿಟ್ಟೆದ್ದು, ಇಲ್ಲದ ಹೊದಿಕೆ ಕೊಡವಿ, ಇಲ್ಲದ ಯಂತ್ರಕ್ಕೆ ಉಣಿಸಿ, ಅಂಗೈಗೆ ಊದಿಕೊಂಡು, ಮೇಸ್ತ್ರಿಯ ಹೊಟ್ಟೆಯನ್ನೂ ತೋರಿಸಿದ. ಹೆಂಗಸು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಕೈಕುಲುಕಿ ಕಳಿಸಿದಳು. ಆಮೇಲೆ ಆಡಿದ ಮಾತಿಗೆಷ್ಟೋ ಅಷ್ಟೇ ಅಂಕ ಹಾಕಿದಳು. ಅವಳ ಕೆಲಸ ಅದು.

ಅವನು ಮಾತ್ರ ಗೆದ್ದೆ ಅಂದುಕೊಂಡು ಹೊರಬಿದ್ದವನೇ ಮನೆಗೆ ಫೋನು ಮಾಡಿ, ಆಯಮ್ಮನಿಗೆ ಎಲ್ಲ ಅರ್ಥವಾಯಿತು ಅಂತ ಹೇಳಿಕೊಂಡ. ಮಗಳು ಗೆಳತಿಯರಿಗೆಲ್ಲ ಡಂಗುರ ಹೊಡೆದಳು.

ಮೂರು ವಾರಕ್ಕೆ ಕಾಗದ ಬಂತು. ಮಂಚದ ತುದಿಯಲ್ಲಿ ಕೂತು ಅವನೇ ಓದಿದ. ಮಾತಿನಲ್ಲಿ ಫೇಲು, ಮುಂದಿನ ಪರೀಕ್ಷೆ ಆರು ತಿಂಗಳ ನಂತರ, ಅಷ್ಟರಲ್ಲಿ ಮಗಳಿಗೆ ವಯಸ್ಸು ಮೀರುವುದರಿಂದ ಅವಳ ಹೆಸರನ್ನು ಅರ್ಜಿಯಿಂದ ತೆಗೆಯಲಾಗಿದೆ. ಮೂರು ಸಲ ಓದಿದ. ತನ್ನ ಅರೆಬರೆ ಭಾಷೆ, ತಪ್ಪು ಓದಿದ್ದರೂ ಓದಿರಬಹುದು ಅಂತ ಒಂದು ಹಾಳು ಆಸೆ. ಫೋಟೋ ತೆಗೆದು ಮಗಳಿಗೆ ಕಳಿಸಿ, ಫೋನು ಮಾಡಿ, ಏನಂತೆ ನೋಡು ಅಂದ.

ಅವಳು ಓದುವಷ್ಟು ಹೊತ್ತು ಅವನು ಕಾಗದವನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದ.

"ಏನಿಲ್ಲ ಅಪ್ಪಾ, ಮಾತಾಡೋದ್ರಲ್ಲಿ ಸ್ವಲ್ಪ ಕಮ್ಮಿ ಆಯ್ತಂತೆ" ಅಂದಳು. "ಆರು ತಿಂಗಳಿಗೆ ಇನ್ನೊಂದ್ಸಲ ಪರೀಕ್ಷೆ ಇದೆಯಂತೆ. ಪಾಸಾದ್ರೆ ಬರಬಹುದಂತೆ."

"ನೀವಿಬ್ರೂನಾ?"

"ಹೂಂ ಅಪ್ಪಾ, ಇಬ್ರೂ. ಹಂಗೇ ಬರೆದಿದ್ದಾರೆ."

ಯಾವತ್ತೂ ಕಾಗದವನ್ನು ಸಾಲು ಸಾಲಾಗಿ ಓದಿ ಹೇಳುತ್ತಿದ್ದ ಮಗಳು ಇವತ್ತು ಒಂದು ಸಾಲನ್ನೂ ಓದಿರಲಿಲ್ಲ. ತಾನು ಓದಿದ್ದು ಸರಿಯಾಗೇ ಇತ್ತು.

"ಹಂಗಾದ್ರೆ ಸರಿ ಬಿಡು ಮಗಳೇ" ಅಂದ. "ನಂಗೆಲ್ಲಿ ಓದಕ್ಕೆ ಬರುತ್ತೆ."