ಥ್ಯಾಂಕ್ ಯೂ ಹೇಳಬಾರದ ಶನಿವಾರಗಳು

ಇವತ್ತು ಬೆಳಿಗ್ಗೆ ಕಿಟಕಿ ತೆಗೆದರೆ ಡಾಂಬರಿನ ವಾಸನೆ. ಬೇಸಿಗೆ ಬಂತೆಂದರೆ ಸಾಕು, ನಮ್ಮ ಜರ್ಮನ್‌ಟೌನ್ ಅಪಾರ್ಟ್‌ಮೆಂಟಿನವರು ಪಾರ್ಕಿಂಗ್ ಲಾಟಿಗೆ ಹೊಸದಾಗಿ ಕಪ್ಪು ಬಳಿದು ಹಳದಿ ಗೆರೆ ಎಳೆಸುತ್ತಾರೆ. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಪ್ಲೀಸ್, ವಿಂಡೋ ಕ್ಲೋಸ್ ಮಾಡು, ತಲೆ ನೋಯತ್ತೆ" ಎಂದಳು. ನಾನು ಮುಚ್ಚಲಿಲ್ಲ. ನಿಮಗೆ ಸಂಪಿಗೆಯೋ ಮಲ್ಲಿಗೆಯೋ ಹಳೆಯದನ್ನು ನೆನಪಿಗೆ ತರಬಹುದು. ನನ್ನ ಹಣೆಬರಹಕ್ಕೆ ಬಿಸಿಲಿಗೆ ಕಾದ ಡಾಂಬರು. ಆ ವಾಸನೆ ಬಂದರೆ ಸಾಕು, ನಾನು ಒಂದು ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ, ಮಡಚುವ ಕುರ್ಚಿಯ ಮೇಲೆ, ಸೀರೆಯ ಮೇಲೆ ಬಿಳಿ ಕೋಟು ತೊಟ್ಟು ಕೂತಿರುತ್ತೇನೆ. ಎದುರಿಗೆ ಒಬ್ಬ ಬಸುರಿ ಹುಡುಗಿ. ನಾನು ಅವಳಿಗೆ, "ಇಟ್ ಈಸ್ ನಥಿಂಗ್, ಮೈ ಡಿಯರ್" ಎನ್ನುತ್ತಿರುತ್ತೇನೆ, ನನ್ನ ಕೈಲಾದಷ್ಟು ಕೆಟ್ಟದಾಗಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಮಂಡಿನೋವಿಗೆ ಮಾತ್ರೆ ಕೇಳಬಾರದು: ನಾನು ಡಾಕ್ಟರಲ್ಲ. ಡಾಕ್ಟರಾಗಿದ್ದವರು ನಮ್ಮ ಯಜಮಾನರು, ಹುಬ್ಬಳ್ಳಿಯಲ್ಲಿ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗೆ ಕಲಿಸಿದ್ದು ಬೆನ್ನು ನೆಟ್ಟಗಿಟ್ಟು ಕೂರುವುದು, ಕೇಳಿದರೆ ಮಾತ್ರ ಮಾತಾಡುವುದು, ಎಲ್ಲದಕ್ಕೂ ಥ್ಯಾಂಕ್ ಯೂ ಎನ್ನುವುದು. ಬೈಸಿಕೊಂಡ ಮೇಲೂ "ಥ್ಯಾಂಕ್ ಯೂ, ಸಿಸ್ಟರ್" ಎಂದು ಹೇಳಿಯೇ ಬಾಗಿಲು ದಾಟಬೇಕಿತ್ತು. ಈಗಲೂ ಬ್ಯಾಂಕಿನ ಮಷೀನಿಗೆ ಥ್ಯಾಂಕ್ ಯೂ ಹೇಳುವ ಮುದುಕಿ ನಾನು. ಮಗಳು ನಗುತ್ತಾಳೆ, ನಗಲಿ.

ಆ ಕಾನ್ವೆಂಟ್ ಇಂಗ್ಲಿಷಿನಿಂದಲೇ ನಾನು ಸಿಕ್ಕಿಬಿದ್ದದ್ದು. ಕೋವಿಡ್ ಕಾಲದ ಎರಡನೆಯ ಬೇಸಿಗೆ. ಒಬ್ಬ ಹುಡುಗ ಡೆಲಿವರಿ ವ್ಯಾನನ್ನು ನಮ್ಮ ಬಾಗಿಲಿಗೆ ಅಡ್ಡ ನಿಲ್ಲಿಸಿ ಫೋನ್ ನೋಡುತ್ತಾ ಕೂತಿದ್ದ. ನಾನು ಮಾಸ್ಕಿನೊಳಗಿಂದಲೇ, "ಯಂಗ್ ಮ್ಯಾನ್, ಐ ಶಲ್ ನಾಟ್ ರಿಪೀಟ್ ಮೈಸೆಲ್ಫ್" ಎಂದೆ. ವ್ಯಾನು ಹೊರಟೇಹೋಯಿತು. ಕೆಳಗಿನ ಮನೆಯ ಜಗಲಿಯಿಂದ ಯಾರೋ ಚಪ್ಪಾಳೆ ತಟ್ಟಿದರು. ಮಿಸ್ ಅರ್ಲೀನ್. ಹುಟ್ಟಿದ್ದು ಸೌತ್ ಕೆರೊಲಿನಾದಲ್ಲಿ, ಇಲ್ಲಿ ಮಿಡ್ಲ್ ಸ್ಕೂಲಿನ ಪ್ರಿನ್ಸಿಪಾಲರಾಗಿ ರಿಟೈರ್ ಆದವರು. ನಮ್ಮ ಬಿಲ್ಡಿಂಗಿನ ಬ್ಲ್ಯಾಕ್ ಹೆಂಗಸರಿಗೆಲ್ಲ ಹಿರಿಯಕ್ಕ. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ರುಚಿ ಸ್ವಲ್ಪ ಕಡಿಮೆಯಾದರೆ ಅಡುಗೆಯವಳ ತಪ್ಪು.

"ಮ್ಯಾಮ್, ಶನಿವಾರ ಬೆಳಿಗ್ಗೆ ಏನ್ ಮಾಡ್ತೀರಿ?"

"ಬಟ್ಟೆ ಒಗೀತೀನಿ."

"ಭಾನುವಾರ ಒಗೀರಿ. ನಿಮ್ಮ ಈ ದನಿ ನನಗೆ ಬೇಕು. ಕೇಳಿ ನಾನೇ ನೆಟ್ಟಗೆ ಕೂತ್ಬಿಟ್ಟೆ. ಮೂರು ಸಾವಿರ ಮಕ್ಕಳನ್ನ ಹೆದರಿಸಿದೋಳು ನಾನು!"

ಶನಿವಾರಗಳಲ್ಲಿ ಅವರ ಚರ್ಚಿನ ಹೆಂಗಸರು ಪಾರ್ಕಿಂಗ್ ಲಾಟಿನಲ್ಲಿ ಸೇರುತ್ತಿದ್ದರು. ಒಳಗೆ ಕೂರಲು ಭಯವಿದ್ದ ಕಾಲ. ಮೊದಲು ಲಾಟಿನ ಸುತ್ತ ನಡಿಗೆ, ಆಮೇಲೆ ಒಬ್ಬರಿಗೊಬ್ಬರು ಬಿ.ಪಿ. ನೋಡುವುದು, ಯಾರದೋ ಹಿತ್ತಲಿನ ಸೊಪ್ಪು ಹಂಚುವುದು, ಗಂಡಂದಿರನ್ನು ಬೈಯುವುದು. ಇಷ್ಟೇ ಆಗಿದ್ದರೆ ನಮ್ಮ ಕಡೆಯ ಮಹಿಳಾ ಸಮಾಜದ ಹಾಗೇ ಇತ್ತು. ಅದಾದ ಮೇಲೆ ಕುರ್ಚಿಗಳನ್ನು ದೂರದೂರ ಹಾಕಿ ಪ್ರ್ಯಾಕ್ಟೀಸ್ ಶುರುವಾಗುತ್ತಿತ್ತು. ಅದು ಡಾಕ್ಟರ ಎದುರು ಮಾತಾಡುವ ಪ್ರ್ಯಾಕ್ಟೀಸ್.

ಅದಕ್ಕೆ ಕಾರಣ ನಿಯಾ. ಮಿಸ್ ಅರ್ಲೀನರ ತಂಗಿಯ ಮಗಳು, ಆಗ ಚೊಚ್ಚಲ ಬಸುರಿ. ಗಂಡನಿಗೆ ಅಟ್ಲಾಂಟಾ ಏರ್‌ಪೋರ್ಟಿನಲ್ಲಿ ಕೆಲಸ. ಹೆರಿಗೆಗೆಂದು ಇವಳು ದೊಡ್ಡಮ್ಮನ ಮನೆಗೆ ಬಂದಿದ್ದಳು. ಅವಳ ಅಕ್ಕ ಕೆರೊಲಿನಾದಲ್ಲಿ ಹೆತ್ತ ವಾರದಲ್ಲೇ ತೀರಿಕೊಂಡಿದ್ದಳು. ತಲೆನೋವು, ಕಣ್ಣು ಮಂಜು ಎಂದು ಅವಳು ಮತ್ತೆ ಮತ್ತೆ ಹೇಳಿದ್ದಳಂತೆ. ರೆಸ್ಟ್ ತೊಗೊಳ್ಳಿ ಎಂದು ಮನೆಗೆ ಕಳಿಸಿದ್ದರಂತೆ.

"ಅವಳು ಹೇಳಲಿಲ್ಲ ಅಂತಲ್ಲ, ಹೇಳಿದಳು," ಎಂದು ಮಿಸ್ ಅರ್ಲೀನ್ ನನಗೆ ಮೊದಲ ದಿನವೇ ತಿಳಿಸಿದರು. "ಬ್ಲ್ಯಾಕ್ ಹೆಂಗಸು ನೋವು ಅಂದ್ರೆ ಡಾಕ್ಟರುಗಳಿಗೆ ಕೇಳಿಸಲ್ಲ. ಕೇಳಿಸಿಕೊಳ್ಳೋದನ್ನ ಕಲೀಬೇಕಾದೋರು ಅವರು. ನನಗೂ ಗೊತ್ತು. ಆದರೆ ಅವರು ಕಲಿಯೋವರೆಗೂ ನನ್ನ ಹುಡುಗೀರು ಸಾಯ್ತಾ ಕೂರೋಕಾಗಲ್ಲ." ಮತ್ತೆ ಆ ದಿನಗಳಲ್ಲಿ ಆಸ್ಪತ್ರೆಗಳು ಜೊತೆಗಾರರನ್ನು ಒಳಗೆ ಬಿಡುತ್ತಿರಲಿಲ್ಲ. ಹುಡುಗಿ ಒಳಗೆ ಒಬ್ಬಳೇ ಇರಬೇಕು, ಒಬ್ಬಳೇ ಮಾತಾಡಬೇಕು.

ಡಾಕ್ಟರ ಪಾತ್ರ ನನ್ನದು. ಮಗಳು ಬಯೋಟೆಕ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳ ಹಳೆಯ ಕೋಟು ಎತ್ತಿಕೊಂಡು ಹೋದೆ. ಕಾಲಲ್ಲಿ ವಾಕಿಂಗ್ ಷೂ, ಮೈಮೇಲೆ ಮೈಸೂರು ಕ್ರೇಪು, ಅದರ ಮೇಲೆ ಕೋಟು. "ನಾನೇನು ಹೇಳಬೇಕು?" ಎಂದು ಕೇಳಿದೆ.

"ಏನಾದರೂ ಹೇಳಿ. ನಿಯಾನ ಕುರ್ಚಿಯಿಂದ ಎಬ್ಬಿಸಿ ಕಳಿಸಿಬಿಡಿ, ಅಷ್ಟೇ."

ನನಗೆ ಗೊತ್ತಿದ್ದದ್ದು ಒಬ್ಬರೇ ಡಾಕ್ಟರು. ನಮ್ಮವರು ಮಾಡುತ್ತಿದ್ದ ಹಾಗೇ ಮಾಡಿದೆ. ಅವಳು ಬಾಯಿ ತೆರೆಯುವ ಮೊದಲೇ ಪೆನ್ನಿನ ಕ್ಯಾಪು ಹಾಕಿದೆ. ಗಡಿಯಾರ ನೋಡಿದೆ. ಅವಳು "ತಲೆ ತುಂಬಾ ನೋಯ್ತಿದೆ" ಎನ್ನುವಾಗ ಕುರ್ಚಿಯಿಂದ ಅರ್ಧ ಎದ್ದೆ. ಹುಬ್ಬಳ್ಳಿಯಲ್ಲಿ ಅವರು, "ಏನಾಗಿಲ್ಲ ಬಿಡ್ರೀ, ಗ್ಯಾಸ್ ಆಗೇತಿ" ಎನ್ನುತ್ತಿದ್ದರು. ಅದನ್ನೇ ಕಾನ್ವೆಂಟಿಗೆ ತಿರುಗಿಸಿ, "ಇಟ್ ಈಸ್ ನಥಿಂಗ್, ಮೈ ಡಿಯರ್. ಆಲ್ ಮದರ್ಸ್ ಆರ್ ಟೈರ್ಡ್" ಎಂದೆ.

ನಿಯಾ ಎದ್ದು ನಿಂತಳು. "ಓಕೆ. ಥ್ಯಾಂಕ್ ಯೂ, ಡಾಕ್ಟರ್" ಎಂದು ಹೊರಟೂಬಿಟ್ಟಳು.

ಸುತ್ತ ಕೂತವರೆಲ್ಲ ಹೋ ಎಂದು ನಕ್ಕರು. ನಿಯಾ ನಕ್ಕಳು, ನಾನೂ ನಕ್ಕೆ. ಆಮೇಲೆ ಒಬ್ಬೊಬ್ಬರದಾಗಿ ನಗು ನಿಂತಿತು.

"ಯಾಕೆ ಥ್ಯಾಂಕ್ ಯೂ ಅಂದೆ?" ಮಿಸ್ ಅರ್ಲೀನ್ ಕೇಳಿದರು. "ಏನು ಕೊಟ್ಟರು ಅವರು ನಿನಗೆ?"

"ಗೊತ್ತಿಲ್ಲ. ಬಾಯಿಗೆ ತಾನಾಗೇ ಬಂತು."

ಆ ಬಾಯಿ ನನಗೆ ಗೊತ್ತಿತ್ತು. ನನ್ನದೂ ಅದೇ. ಅವಳಿಗೆ ಕಲಿಸಿದವರು ಬೇರೆ, ನನಗೆ ಕಲಿಸಿದವರು ಬೇರೆ. ಪಾಠ ಮಾತ್ರ ಒಂದೇ. ಅವತ್ತೇ ಮಿಸ್ ಅರ್ಲೀನ್ ಕಾನೂನು ಮಾಡಿದರು: ಕೇಳಿದ್ದಕ್ಕೆ ಉತ್ತರ ಸಿಗುವವರೆಗೆ ಈ ಲಾಟಿನಲ್ಲಿ ಯಾರೂ ಥ್ಯಾಂಕ್ ಯೂ ಹೇಳಬಾರದು, ಕುರ್ಚಿ ಬಿಟ್ಟು ಏಳಬಾರದು. ಮರುಕ್ಷಣ ಯಾರೋ ನನಗೆ ನೀರು ಕೊಟ್ಟರು. ನಾನು "ಥ್ಯಾಂ..." ಎಂದು ಅರ್ಧಕ್ಕೆ ನುಂಗಿದೆ.

ನಮ್ಮವರು ಕೆಟ್ಟವರೆಂದು ತಿಳಿಯಬೇಡಿ. ಬಡವರಿಂದ ಫೀಸು ಕೇಳಿದವರಲ್ಲ. ಊಟದ ನಡುವೆ ಎದ್ದುಹೋದ ದಿನಗಳು ಎಷ್ಟೋ. ಆದರೆ ಬಾಗಿಲಾಚೆಗೂ ಸಾಲು ನಿಂತಿರುತ್ತಿತ್ತು, ಒಳಗೆ ಬಂದ ಹೆಂಗಸರು ತಲೆ ತಗ್ಗಿಸಿ ಹೇಳಿ, ಕೈ ಮುಗಿದು ಹೋಗುತ್ತಿದ್ದರು. ನಾನು ಕಾಫಿ ಕೊಡಲು ಹೋದಾಗ ನೋಡುತ್ತಿದ್ದದ್ದು ಅವರ ಬೆನ್ನನ್ನು ಮಾತ್ರ. ಇಲ್ಲಿ ಡಾಕ್ಟರ ಕುರ್ಚಿಯಲ್ಲಿ ಕೂತಾಗ ಗೊತ್ತಾಯಿತು, ಆ ಕಡೆಯಿಂದ ನೋಡಿದರೆ ಎದುರಿಗಿರುವವರು ಎಷ್ಟು ಬೇಗ ಮುಗಿದುಹೋಗುತ್ತಾರೆ ಎಂದು. ಯಜಮಾನರು ಬದುಕಿದ್ದರೆ ಈ ವಿಷಯಕ್ಕೆ ಜಗಳವಾಡುತ್ತಿದ್ದೆ. ಆಮೇಲೆ ಬಿಸಿ ರೊಟ್ಟಿ ಬಡಿಸುತ್ತಿದ್ದೆ.

ಆಲ್ಡಿ ಎಂಬ ಊರಿನಲ್ಲಿ ಕನ್ನಡದವರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋದಾಗ ನನ್ನ ಶನಿವಾರಗಳ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಒಬ್ಬಾಕೆ, "ಆಂಟಿ, ನಿಮಗ್ಯಾಕೆ ಅದೆಲ್ಲಾ? ನಮಗೇನು ಪ್ರಾಬ್ಲಮ್ ಇಲ್ವಲ್ಲ, ಇಲ್ಲಿ ಅರ್ಧ ಡಾಕ್ಟರ್ಸು ನಮ್ಮೋರೇ" ಎಂದಳು. "ಅದಕ್ಕೇ ಹೋಗ್ತೀನಮ್ಮ," ಎಂದೆ. ಪಾಯಸ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಪ್ರ್ಯಾಕ್ಟೀಸು ನೀವಂದುಕೊಂಡಷ್ಟು ಸುಲಭವಲ್ಲ. ದನಿ ಏರಿಸಿದರೆ ಜಗಳಗಂಟಿ ಎನ್ನುತ್ತಾರೆ, ಅತ್ತರೆ ಗಾಬರಿಯ ಹೆಣ್ಣು ಎನ್ನುತ್ತಾರೆ, ನಕ್ಕರೆ ನೋವೇ ಇಲ್ಲ ಎನ್ನುತ್ತಾರೆ. ಇವೆಲ್ಲದರ ನಡುವೆ ಒಂದು ಕಿರಿದಾದ ಬದುವಿನ ಮೇಲೆ ನಡೆಯಬೇಕು. "ಇದು ಏನೂ ಅಲ್ಲ ಅಂತ ಹೇಗೆ ಗೊತ್ತಾಯ್ತು? ಯಾವ ಟೆಸ್ಟ್ ಮಾಡ್ತೀರಿ? ಮಾಡಲ್ಲ ಅಂದರೆ, ನಾನು ಕೇಳಿದೆ, ನೀವು ಬೇಡ ಅಂದಿರಿ ಅಂತ ನನ್ನ ಚಾರ್ಟಿನಲ್ಲಿ ಬರೀರಿ. ನಾನು ಕೂತಿರ್ತೀನಿ." ನಿಯಾ ಇದನ್ನು ಹೇಳುತ್ತಾ ಹೇಳುತ್ತಾ ಅವಳ ದನಿ ನೆಲೆಗೆ ನಿಂತಿತು. ನಾನು ಕೆಮ್ಮಿದೆ, ಫೋನ್ ತೆಗೆದೆ, ಅವಳ ಹೆಸರನ್ನು ಬೇಕೆಂದೇ ತಪ್ಪಾಗಿ ಕರೆದೆ. "ಆಂಟಿ, ನೀವು ಇನ್ನೂ ತುಂಬಾ ಸ್ವೀಟ್. ಸ್ವಲ್ಪ ಕೆಟ್ಟೋರಾಗಿ" ಎಂದು ಅವಳೇ ನನ್ನನ್ನು ತಿದ್ದುತ್ತಿದ್ದಳು.

ಹೆಣ್ಣು ಮಗು ಹುಟ್ಟಿತು. ಗಂಡ ಅಟ್ಲಾಂಟಾದಿಂದ ಬಂದ. ಅದೇ ವಾರ ಒಂದು ಮಧ್ಯಾಹ್ನ ನಾನು ಬಾಣಂತಿಗೆಂದು ಮೆಣಸಿನ ಸಾರು ತೆಗೆದುಕೊಂಡು ಕೆಳಗೆ ಹೋದರೆ ನಿಯಾ ಸೋಫಾದ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ತಲೆನೋವು, ಕಣ್ಣ ಮುಂದೆ ಚುಕ್ಕೆಗಳು. ಮಿಸ್ ಅರ್ಲೀನ್ ಬಿ.ಪಿ. ನೋಡಿದರು, ಇನ್ನೊಮ್ಮೆ ನೋಡಿದರು. ಕಾರಿನ ಕೀ ತೆಗೆದುಕೊಂಡರು. ಗಂಡ ಮಗುವಿನೊಂದಿಗೆ ಮನೆಯಲ್ಲಿ ಉಳಿದ. ನಾನು ಹಿಂದಿನ ಸೀಟಿನಲ್ಲಿ ಅವಳ ಕೈ ಹಿಡಿದು ಕೂತೆ.

ಎಮರ್ಜೆನ್ಸಿಯ ಬಾಗಿಲಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿದರು. ನಿಯಾ ಫೋನನ್ನು ಆನ್ ಮಾಡಿಯೇ ಇಟ್ಟುಕೊಂಡು ಒಳಗೆ ಹೋದಳು. ನಾವು ಕಾರಿನಲ್ಲಿ ಕೂತು ಸ್ಪೀಕರಿನಲ್ಲಿ ಕೇಳುತ್ತಿದ್ದೆವು. ತುಂಬ ಹೊತ್ತಿನ ಮೇಲೆ ಡಾಕ್ಟರೊಬ್ಬರ ದನಿ, ವಯಸ್ಸಾದದ್ದು, ಮೃದುವಾದದ್ದು. "ಮಗು ನಿದ್ದೆ ಮಾಡೋಕೆ ಬಿಡ್ತಿಲ್ಲ ಅಲ್ವಾ? ಎಲ್ಲ ತಾಯಂದಿರಿಗೂ ಸುಸ್ತು ಇದ್ದದ್ದೇ."

ನನ್ನದೇ ಮಾತು. ಮಿಸ್ ಅರ್ಲೀನ್ ನನ್ನ ಕಡೆ ನೋಡಲಿಲ್ಲ; ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ನಿಯಾ ಕೇಳಿದಳು, ಕಲಿತ ಹಾಗೇ, ಒಂದೊಂದಾಗಿ. ಹೆತ್ತು ವಾರವಾಗಿಲ್ಲ. ಬಿ.ಪಿ. ಇಷ್ಟಿದೆ. ಯಾವ ಟೆಸ್ಟ್ ಮಾಡ್ತೀರಿ? ಆ ದನಿ ಇನ್ನೂ ಮೃದುವಾಯಿತು: "ನೀವು ಸ್ಟ್ರಾಂಗ್ ವುಮನ್. ನೋಡಿದರೇ ಗೊತ್ತಾಗುತ್ತೆ. ಯು ವಿಲ್ ಬಿ ಫೈನ್."

ಇದನ್ನು ನಾವು ಪ್ರ್ಯಾಕ್ಟೀಸ್ ಮಾಡಿರಲಿಲ್ಲ. ಬೈಗುಳಕ್ಕೆ ಉತ್ತರ ಕಲಿಸಿದ್ದೆವು, ಹೊಗಳಿಕೆಗೆ ಕಲಿಸಿರಲಿಲ್ಲ. ಹೊಗಳಿದರೆ ಬಾಯಿಗೆ ತಾನಾಗಿ ಬರುವುದೇನು ಹೇಳಿ? ಮಿಸ್ ಅರ್ಲೀನ್ ಪಿಸುಗುಟ್ಟಿದರು, "ಏಳಬೇಡ, ಮಗಳೇ. ಏಳಬೇಡ."

"ನನ್ನಕ್ಕ ನನಗಿಂತ ಸ್ಟ್ರಾಂಗ್ ಇದ್ದಳು, ಡಾಕ್ಟರ್," ಎಂದಳು ನಿಯಾ. ದನಿ ಏರಲಿಲ್ಲ. "ಅವಳನ್ನ ಹೂತಿದ್ದೀವಿ. ನನಗೆ ಟೆಸ್ಟ್ ಮಾಡಿ. ಇಲ್ಲ ಅಂದ್ರೆ ಮಾಡಲ್ಲ ಅಂತ ಬರೀರಿ. ನಾನು ಕೂತಿರ್ತೀನಿ."

ಕುರ್ಚಿ ಸರಿದ ಸದ್ದು. ಅದು ಅವಳದಲ್ಲ, ಡಾಕ್ಟರದು. ಆಮೇಲೆ ಯಾರೋ ನರ್ಸ್ ಬಂದರು, ಬಿ.ಪಿ. ಮತ್ತೆ ನೋಡಿದರು, ಮಾತಿನ ವೇಗ ಬದಲಾಯಿತು. ಅಕ್ಕನನ್ನು ಕೊಂದದ್ದೇ ಇವಳ ರಕ್ತದಲ್ಲೂ ಏರುತ್ತಿತ್ತು: ಹೆರಿಗೆಯ ನಂತರ ಬರುವ ಬಿ.ಪಿ. ಸಂಜೆಯೊಳಗೆ ಕೈಗೆ ಡ್ರಿಪ್ ಹಾಕಿ ಅಡ್ಮಿಟ್ ಮಾಡಿಕೊಂಡರು. ಮಿಸ್ ಅರ್ಲೀನ್ ಆಗ ಸ್ಟಿಯರಿಂಗ್ ಬಿಟ್ಟರು. ಬಿಟ್ಟು, ಅದರ ಮೇಲೆ ತಲೆಯಿಟ್ಟು ಅತ್ತರು. ವಾರದೊಳಗೆ ನಿಯಾ ಮನೆಗೆ ಬಂದು ನನ್ನ ಸಾರಿಗೆ ಖಾರ ಜಾಸ್ತಿ ಎಂದಳು.

ಈಗ ಆ ಮಗು ಸ್ಕೂಲಿಗೆ ಹೋಗುತ್ತಿದೆ. ಶನಿವಾರಗಳು ನಿಂತಿಲ್ಲ. ನಿಯಾ ಅಟ್ಲಾಂಟಾದಲ್ಲೂ ಒಂದು ಗುಂಪು ಕಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಮಿಸ್ ಅರ್ಲೀನರ ವ್ಯಾನಿನಲ್ಲಿ ನಾವು ಸೌತ್ ಕೆರೊಲಿನಾಗೆ ಹೊರಟಿದ್ದೇವೆ, ಅವಳ ಅಕ್ಕನನ್ನು ಹೂತ ಊರಿನಲ್ಲೂ ಈ ಪ್ರ್ಯಾಕ್ಟೀಸ್ ನಡೆಸಲು. ನಿಯಾ ಅಲ್ಲಿಗೇ ಬರುತ್ತಾಳೆ. ಮಗಳಿಗೆ ನನ್ನ ವಯಸ್ಸಿನ ಚಿಂತೆ: "ಅಮ್ಮಾ, ಅಷ್ಟು ಲಾಂಗ್ ಡ್ರೈವು, ನಿನ್ನ ಬೆನ್ನು!" ಬೆನ್ನು ನೆಟ್ಟಗಿಡುವುದನ್ನು ನನಗೆ ಸಣ್ಣವಳಿದ್ದಾಗಲೇ ಕಲಿಸಿದ್ದಾರೆ ಎಂದೆ. ಮಿಸ್ ಅರ್ಲೀನ್ ಈಗಷ್ಟೇ ಫೋನ್ ಮಾಡಿದ್ದರು. ಡಾಕ್ಟರ ಪಾತ್ರದಿಂದಾಗಿ ಅವರಿಗೆ ನಾನೀಗ 'ಡಾಕ್'. "ಡಾಕ್, ಅಲ್ಲಿಯ ಹುಡುಗೀರು ನಮ್ಮೋರಿಗಿಂತ ಪೊಲೈಟ್. ಆ ಸ್ಟ್ರಾಂಗ್ ವುಮನ್ ಮಾತನ್ನ ಸರಿಯಾಗಿ ಹೇಳಿ. ಹೋದ ಸಲ ನೀವು ಹೇಳಿದ್ದು ನಾಟಕದ ಹಾಗಿತ್ತು. ಅದಕ್ಕೆ ಯಾರೂ ಮರುಳಾಗಲ್ಲ."

ಅದು ನಿಜ. ಆ ಒಂದು ಮಾತು ನನಗೆ ಬರುತ್ತಿರಲಿಲ್ಲ. ಕನ್ನಡಿಯೆದುರು ನಿಂತು ಬೆಳಿಗ್ಗೆಯಿಂದ ಹೇಳಿಕೊಳ್ಳುತ್ತಿದ್ದೇನೆ. ಗಡುಸಾಗಿ ಹೇಳಿದೆ, ವ್ಯಂಗ್ಯವಾಗಿ ಹೇಳಿದೆ, ಸರಿಹೋಗಲಿಲ್ಲ. ಆಮೇಲೆ ಹುಬ್ಬಳ್ಳಿಯ ಮನೆಯ ಬಾಣಂತಿ ಕೋಣೆ ಕಣ್ಣ ಮುಂದೆ ಬಂತು. ಮಗಳು ಹುಟ್ಟಿದಾಗ ನನಗೆ ಜ್ವರ ಇಳಿದಿರಲಿಲ್ಲ, ಮೈ ನಡುಗುತ್ತಿತ್ತು. ನಮ್ಮವರು ಹಣೆಯ ಮೇಲೆ ಕೈಯಿಟ್ಟು, "ನೀ ಗಟ್ಟಿಗಿತ್ತಿ ಇದ್ದೀ, ಏನಾಗಂಗಿಲ್ಲ" ಎಂದಿದ್ದರು. ಎಷ್ಟು ಪ್ರೀತಿಯಿಂದ ಅಂದಿದ್ದರು! ನನಗೆ ಎಷ್ಟು ಹಿತವಾಗಿತ್ತು! ಆಮೇಲೆ ಎರಡು ದಿನ ನಾನು ನೋವಿನ ಸುದ್ದಿಯನ್ನೇ ಎತ್ತಲಿಲ್ಲ.

ಹಾಗೆ ಹೇಳಬೇಕು. ಪ್ರೀತಿಯಿಂದಲೇ, ಹಣೆ ಮುಟ್ಟುವ ಹಾಗೆ. ಅಲ್ಲಿ ನನ್ನೆದುರು ಯಾವ ಹುಡುಗಿ ಕೂರುತ್ತಾಳೋ ಗೊತ್ತಿಲ್ಲ. ಅಷ್ಟೇ ಹಿತವಾಗಿ ಹೇಳುತ್ತೇನೆ. ಅವಳ ಬಾಯಲ್ಲಿ ಥ್ಯಾಂಕ್ ಯೂ ಬಂದರೆ ಮತ್ತೆ ಮೊದಲಿಂದ ಶುರು ಮಾಡುತ್ತೇನೆ. ಅವಳು ಕುರ್ಚಿ ಬಿಡದೆ ಕೂತಳೆಂದರೆ, ಆಗ ನಾನು ಏಳುತ್ತೇನೆ.