ಟಿಪ್ಸಿ ಅಂದರೆ ಎಷ್ಟು?

ಮೊನ್ನೆ ಸಂಜೆ ತಂಗಿಯ ಮಗಳು ಗೌರಿ ಪರೀಕ್ಷೆಯ ಪುಸ್ತಕ ಹಿಡಿದು ನನ್ನೆದುರು ಕುಳಿತಳು. ಕುಡಿದವರನ್ನು ಬಣ್ಣಿಸುವ ಇಂಗ್ಲಿಷ್ ಶಬ್ದಗಳನ್ನು ಅಮಲು ಏರಿದಂತೆ ಜೋಡಿಸಬೇಕಿತ್ತು. ಸೋಬರ್ ಅಂದರೆ ಅಮಲಿಲ್ಲದವನು, ಟಿಪ್ಸಿ ಅಂದರೆ ತುಸು ಏರಿದವನು, ಡ್ರಂಕ್ ಅಂದರೆ ಪೂರಾ ಕುಡಿದವನು, ವೇಸ್ಟೆಡ್ ಅಂದರೆ ಮೈಮೇಲೆ ಎಚ್ಚರವಿಲ್ಲದವನು. ನೋಡಿ, ಅಫಜಲಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿಯೇ ಮುದುಕನಾದವನು ನಾನು. ಯಾರಾದರೂ ಅರ್ಥ ಕೇಳಿದರೆ ಕೇಳಿದ್ದಕ್ಕಿಂತ ಹೆಚ್ಚೇ ಹೇಳುವ ಚಟ. ಅವತ್ತು ಮಾತ್ರ ಎರಡನೆಯ ಶಬ್ದ ಬಿಟ್ಟು ಮೂರನೆಯದಕ್ಕೆ ಜಿಗಿದೆ.

ಆ ಶಬ್ದವನ್ನು ನಮ್ಮ ಮನೆಗೆ ತಂದವನೇ ನಾನು. ಗೌರಿಯ ಅವ್ವ ಶರಣಮ್ಮನಿಗೆ ಜೇವರ್ಗಿಯ ಗಂಡು ಗೊತ್ತಾಗುವ ಮುಂಚೆ, ನಮ್ಮಲ್ಲಿಯ ರೂಢಿಯಂತೆ, ಹುಡುಗನ ನಡತೆ ವಿಚಾರಿಸಿಕೊಂಡು ಬರಲು ಅಪ್ಪ ನನ್ನನ್ನು ಕಳಿಸಿದರು. ಹುಡುಗ ಮಾತಿನ ಮಲ್ಲ. ಇಂಗ್ಲಿಷಿನಲ್ಲೇ ಮಾತಾಡಿಸಿ ನನ್ನನ್ನು ಉಬ್ಬಿಸಿ, ಊರ ಹೊರಗಿನ ಧಾಬಾಕ್ಕೆ ಕರೆದೊಯ್ದ. ಅವನು ಮೂರು ಗ್ಲಾಸು ಮುಗಿಸುವುದರಲ್ಲಿ ನಾನೂ ಒಂದು ಮುಗಿಸಿದ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಅದನ್ನು ಅಂಗಿಯ ಒಳಗೆ ಸರಿಸಿಕೊಂಡು ಕುಡಿದೆ. ಏಳುವಾಗ ಅವನು ಮೇಜು ಹಿಡಿದುಕೊಂಡ. ನೋಡಿಯೂ ನೋಡದವನ ಹಾಗೆ ನಾನು ಯಾಲಕ್ಕಿ ಜಗಿದೆ.

ಮನೆಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: ಹುಡುಗ ಕುಡಿಯುತ್ತಾನೆಯೆ? ಹೌದೆಂದರೆ ಎಲ್ಲಿ ನೋಡಿದೆ, ಹೇಗೆ ನೋಡಿದೆ ಎಂದು ನನ್ನ ಬುಡಕ್ಕೇ ಬರುತ್ತಿತ್ತು.

"ಕುಡುಕ ಅಲ್ರಿ ಅಪ್ಪಾ. ಇಂಗ್ಲಿಷಿನ್ಯಾಗ ಟಿಪ್ಸಿ ಅಂತಾರ. ಹಬ್ಬ ಹುಣ್ಣಿಮಿಗೆ ಒಂದೀಟ, ಅಷ್ಟ," ಎಂದೆ.

ಮಗನ ಇಂಗ್ಲಿಷಿನ ಮೇಲೆ ಅಪ್ಪನಿಗೆ ಬಲು ಭರವಸೆ. ಮದುವೆಯಾಯಿತು. ಆ ಪುಸ್ತಕದಲ್ಲಿ ಟಿಪ್ಸಿಯ ಮುಂದಿನ ಶಬ್ದಗಳನ್ನೆಲ್ಲ ಶರಣಮ್ಮ ಒಂದೊಂದಾಗಿ ಗಂಡನಲ್ಲಿ ಕಂಡಳು. ಹೋದ ವರ್ಷ ಕುಡಿತಕ್ಕೇ ಅವನು ತೀರಿಕೊಂಡ ಮೇಲೆ ತಾಯಿ ಮಗಳು ನನ್ನ ಮನೆಗೆ ಬಂದರು.

"ಟಿಪ್ಸಿ ಅಂದ್ರ ಎಷ್ಟು ಕುಡದಂಗ, ಮಾಮಾ?" ಗೌರಿ ಮತ್ತೆ ಕೇಳಿದಳು.

ಬಾಗಿಲ ಬಳಿ ಶರಣಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. ಆ ದಿನ ಜೇವರ್ಗಿಯಲ್ಲಿ ನಾನೂ ಕುಡಿದಿದ್ದೆ, ಅದಕ್ಕೇ ಅಪ್ಪನಿಗೆ ಸುಳ್ಳು ಹೇಳಿದೆ ಎಂದು ಮಗಳ ಎದುರೇ ತಂಗಿಗೆ ಹೇಳಿಬಿಟ್ಟೆ. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ನನಗ ಅವತ್ತ ಗೊತ್ತಿತ್ತಣ್ಣಾ," ಎಂದಳು ಬೀಜ ಬಿಡಿಸುತ್ತಲೇ. "ನೀರು ಕೊಡಾಕ ಬಂದಾಗ ನಿನ್ನ ಬಾಯಿ ವಾಸನಿ ಬಂತು. ನಮ್ಮಣ್ಣ ಕುಡದೂ ಇಷ್ಟು ಛಲೋ ಅದಾನಲ್ಲ, ಆ ಹುಡುಗನೂ ಹಂಗ ಇರ್ತಾನ ಅಂತ ತಿಳಕೊಂಡ ನಾ ಮದವಿಗೆ ಹೂಂ ಅಂದೆ."