ಕೂತ ಜಾಗ

ಮೂಡಲಗಿಯಲ್ಲಿ ನಮ್ಮ ಪಕ್ಕದ ಮನೆಯ ಟೇಲರ್ ಕಾಕಾ ಬಸ್ಸಿನಲ್ಲಿ ಸೀಟು ಬದಲಿಸಿದ್ದನ್ನು ನಾನು ಕಾಣೆ. ಗೋಕಾಕ ಮುಟ್ಟುವವರೆಗೂ ಬಿಸಿಲು ಮುಖಕ್ಕೆ ಹೊಡೆಯಲಿ, ಆಚೆ ನೆರಳಿನ ಸೀಟು ಖಾಲಿಯೇ ಇರಲಿ, "ಒಮ್ಮೆ ಕುಂತ ಮ್ಯಾಲ ಮುಗೀತ್ರಿ" ಎಂದು ಟವೆಲ್ಲನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದರು.

ಚುನಾವಣೆ ಬಂದರೆ ಶಾಲೆಯೆದುರಿನ ಬೇವಿನ ಮರದಡಿ, ಬಟ್ಟೆ ಕತ್ತರಿಸುವ ತಮ್ಮ ಟೇಬಲ್ಲನ್ನೇ ಹಾಕಿಕೊಂಡು, ಪಕ್ಷದ ಪರವಾಗಿ ಮತದಾರರಿಗೆ ಚೀಟಿ ಬರೆದುಕೊಡುತ್ತಿದ್ದರು. ಆ ಕೆಲಸಕ್ಕೆ ಅವರನ್ನು ಹಚ್ಚಿದವರು ಊರಿನ ಸಾವ್ಕಾರರು. ಸುತ್ತಲಿನ ವೋಟುಗಳೆಲ್ಲ ಸಾವ್ಕಾರರು ಹೇಳಿದ ಕಡೆಗೇ ಬೀಳುತ್ತಿದ್ದವು.

ತೊಂಬತ್ತರ ದಶಕದ ಒಂದು ಚುನಾವಣೆಗೆ ಮುಂಚೆ ಸಾವ್ಕಾರರು ಪಕ್ಷ ಬದಲಿಸಿದರು. ಅವರ ಹಿಂದೆಯೇ ಊರೂ ಹೋಯಿತು. ಮತದಾನದ ದಿನ ಎದುರು ಪಕ್ಷದ ಟೇಬಲ್ಲಿಗೆ ಜನ ಮುತ್ತಿದ್ದರೆ, ಕಾಕಾ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬೇವಿನಡಿ ಒಬ್ಬರೇ ಕೂತಿದ್ದರು.

ಜೀಪಿನಿಂದಿಳಿದ ಸಾವ್ಕಾರರು ಹಳೆಯ ರೂಢಿಯಂತೆ ನೇರ ಕಾಕಾರ ಬಳಿಗೇ ಬಂದುಬಿಟ್ಟರು. ಕಾಕಾ ಎದ್ದು ನಿಂತು ಚೀಟಿ ಬರೆದುಕೊಟ್ಟರು. ಅದರ ಮೇಲಿನ ಹಳೆಯ ಪಕ್ಷದ ಗುರುತು ನೋಡಿದ ಮೇಲೆಯೇ ಸಾವ್ಕಾರರಿಗೆ ಎಚ್ಚರವಾಯಿತು.

"ಎಲ್ಲಾರೂ ಆ ಕಡೆ ಬಂದಾರ, ನೀ ಇನ್ನೂ ಇಲ್ಲೇ ಕುಂತೀಯಲ್ಲೋ?"

"ಕುಂದರಿಸಿದವ್ರು ನೀವರಿ, ಸಾವ್ಕಾರ್ರ" ಎಂದರು ಕಾಕಾ. "ಹೋಗುಮುಂದ ಏಳು ಅನ್ನಲಿಲ್ಲ."